ಪರಸಿ ಮೇಲಿನ ಎಣ್ಣೆ ಕಲೆ ಮತ್ತು ಒಂದು ಬಾಟಲಿ ಆಸಿಡ್ಡು

ಹೋದ ಬೇಸಿಗೆಯಲ್ಲಿ ಕಲಬುರಗಿಗೆ ಹೋಗಿದ್ದಾಗ ಒಂದು ಎಡವಟ್ಟು ಮಾಡಿದೆ. ಅಕ್ಕನ ಮಗಳ ಮದುವೆ ಇತ್ತು, ಮನೆಗೆ ಸುಣ್ಣ ಬಣ್ಣ ಆಗಿತ್ತು. ಗೇಟಿನಿಂದ ಮೆಟ್ಟಿಲವರೆಗೆ ಹಾಸಿರುವ ಪರಸಿ ಮೇಲೆ ಮಾತ್ರ ಒಂದು ಕರೀ ಕಲೆ ಹಾಗೇ ಉಳಿದಿತ್ತು, ಹೆಚ್ಚುಕಡಿಮೆ ಒಂದು ಮರದಷ್ಟು ಅಗಲ. (ಮರ ಅಂದರೆ ಜೋಳ ಹಸನು ಮಾಡುವ ಮರ, ಗಿಡಮರದ ಮರ ಅಲ್ಲ!) ಅದು ಅಪ್ಪನ ಬಜಾಜ್ ಚೇತಕ್ ನಿಲ್ಲುತ್ತಿದ್ದ ಜಾಗ. ಇಪ್ಪತ್ತೆರಡು ವರ್ಷ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ನಿಂತು ಹನಿ ಹನಿಯಾಗಿ ಎಣ್ಣೆ ಸೋರಿಸಿದ ಗಾಡಿ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಗಾಡಿ ಅದಕ್ಕೂ ಮೊದಲೇ ಗುಜರಿಗೆ ಹೋಯಿತು. ಕಲೆ ಮಾತ್ರ ಎಲ್ಲೂ ಹೋಗಲಿಲ್ಲ.

ಬೀಗರು ಬರುವ ಮನೆ, ಬಾಗಿಲಲ್ಲೇ ಇದು ಕಂಡರೆ ಚೆನ್ನಾಗಿರುವುದಿಲ್ಲ ಅಂತ ನನಗೇ ಅನ್ನಿಸಿತು, ಯಾರೂ ಹೇಳಿರಲಿಲ್ಲ. ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಒಂದು ಬಾಟಲಿ ಎತ್ತಿ ಕೊಟ್ಟು, "ಎಲ್ಲಾರೂ ಇದೇ ಒಯ್ತಾರ್ರಿ ಸರ್, ಹಾಕಿದ ಕೂಡ್ಲೆ ಬುರುಬುರು ನೊರಿ ಬರ್ತದ ನೋಡ್ರಿ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ನೊರೆ ಬಂತು. ಹೊಲಸೆಲ್ಲ ಕಿತ್ತುಕೊಂಡು ಬರುತ್ತಿದೆ ಅಂತ ನಾನು ಖುಷಿಯಲ್ಲಿ ಪೊರಕೆ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ನೀರು ಹಾಕಿ ತೊಳೆದು ನೋಡಿದರೆ, ನುಣ್ಣಗೆ ಹೊಳೆಯುತ್ತಿದ್ದ ಕಲ್ಲು ಬೆಳ್ಳಗೆ, ಮರಳು ಕಾಗದದ ಹಾಗೆ ಒರಟಾಗಿದೆ. ಅದರ ನಟ್ಟನಡುವೆ ಎಣ್ಣೆ ಕಲೆ ಮೊದಲಿಗಿಂತ ಎದ್ದು ಕಾಣುತ್ತಿದೆ!

ಅವ್ವ ಹೊರಗೆ ಬಂದು ನೋಡಿದಳು. "ಏನ ಮಾಡಿದ್ಯೋ ಇದು? ಕಲೆ ಹಂಗ ಅದ, ಕಲ್ಲ ಹೋಗ್ಯದಲ್ಲೋ" ಅಂದಳು. ಬೈಯಲಿಲ್ಲ, ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಶುರುವಾಯಿತು ನನ್ನ ಓದು. ಕಲ್ಲಿನ ಮೇಲಿನ ಕಲೆ ತೆಗೆಯೋದಕ್ಕೆ ಜನ ಏನೇನು ಮಾಡಿದ್ದಾರೆ ಅಂತ ಹುಡುಕುತ್ತ ಹೋದರೆ ಅದು ಎಲ್ಲಿಂದ ಎಲ್ಲಿಗೋ ಹೋಯಿತು. ನನ್ನಂಥ ದಡ್ಡರು ಚರಿತ್ರೆಯಲ್ಲಿ ಬಹಳ ಮಂದಿ ಇದ್ದಾರೆ ಅನ್ನೋದು ಒಂದು ಸಮಾಧಾನ.

ಮೊದಲು ನಮ್ಮ ಕಲ್ಲಿನ ವಿಷಯ. ನಮ್ಮ ಕಡೆ ಪರಸಿ ಅಂದರೆ ಶಹಾಬಾದ ಕಲ್ಲು. ಕಲಬುರಗಿಯಿಂದ ಹತ್ತಿರದಲ್ಲೇ ಇರುವ ಶಹಾಬಾದದ ಸುತ್ತಮುತ್ತ ಪದರು ಪದರಾಗಿ ಸಿಗುತ್ತದೆ, ಉಳಿ ಇಟ್ಟು ಹೊಡೆದರೆ ಹಪ್ಪಳದ ಹಾಗೆ ಬಿಡಿಸಿಕೊಳ್ಳುತ್ತದೆ. ಮುಂಬಯಿ ಕಡೆಯಿಂದ ಬಂದ ರೈಲು ದಾರಿ ಮತ್ತು ಮದರಾಸಿನ ದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು, ಶಹಾಬಾದ ಆ ದಾರಿಯಲ್ಲೇ ಇದೆ. ಪುಣೆ, ಮುಂಬಯಿಯ ಹಳೇ ಮನೆಗಳಲ್ಲಿ ಇವತ್ತಿಗೂ 'ಶಹಾಬಾದಿ ಫರಶಿ' ಅಂತಲೇ ಕರೆಯುತ್ತಾರೆ. ನಮ್ಮ ಊರ ಹೆಸರು ಹಾಗೆ ಪರಊರಿನವರ ಕಾಲ ಕೆಳಗೆ ಬಿದ್ದುಕೊಂಡಿದೆ :)

ಇದು ಸುಣ್ಣದ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಭೀಮಾ ತೀರದ ಈ ನೆಲವೆಲ್ಲ ಸಮುದ್ರದ ತಳವಾಗಿತ್ತು, ಅಲ್ಲಿ ಪದರಗಟ್ಟಿದ ಕೆಸರೇ ಈ ಕಲ್ಲು. ಇದೇ ಕಲ್ಲನ್ನು ಸುಟ್ಟು ವಾಡಿಯಲ್ಲಿ ಸಿಮೆಂಟ್ ಮಾಡುತ್ತಾರೆ. ಅಂದರೆ ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಆಸಿಡ್ ಬಿದ್ದರೆ ಇಂಗಾಲದ ಡೈಆಕ್ಸೈಡ್ ಬುಸ್ ಅಂತ ಹೊರಗೆ ಬರುತ್ತದೆ, ಸುಣ್ಣ ಕರಗಿ ನೀರಿನ ಜೊತೆ ಹೋಗುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಸೀಮೆಸುಣ್ಣದ ಮೇಲೆ ಹನಿ ಹಾಕಿ ತೋರಿಸಿದ್ದು ಇದನ್ನೇ. ನಾನು ಅವತ್ತು ಚಪ್ಪಾಳೆ ಹೊಡೆದಿದ್ದೆ, ಕಲಿತಿರಲಿಲ್ಲ. ಆ ನೊರೆ ಹೊಲಸು ಬರುವ ನೊರೆ ಅಲ್ಲ, ಕಲ್ಲು ಸಾಯುವ ನೊರೆ. ಎಣ್ಣೆಗೆ ಆಸಿಡ್ ಏನೂ ಮಾಡುವುದಿಲ್ಲ. ಈಗ ಎಲ್ಲರ ಮನೆ ಮುಂದೆ ಹಾಕಿಸುವ ಇಂಟರ್‌ಲಾಕ್ ಟೈಲ್ಸು ಸಿಮೆಂಟಿನದ್ದೇ ಆದ್ದರಿಂದ ಅದರ ಗತಿಯೂ ಇಷ್ಟೇ. ಗ್ರಾನೈಟ್ ಇದ್ದವರು ಸ್ವಲ್ಪ ಬಚಾವು, ಅದರಲ್ಲಿ ಸುಣ್ಣ ಇಲ್ಲ.

ನಮ್ಮ ಅಜ್ಜಿಯ ಊರಿನ ಅಂಗಳಕ್ಕೆ ಈ ಸಮಸ್ಯೆಯೇ ಇರಲಿಲ್ಲ. ಮಣ್ಣಿನ ನೆಲ, ಸೆಗಣಿ ಸಾರಿಸಿದರೆ ಮುಗೀತು. ಏನಾದರೂ ಚೆಲ್ಲಿದರೆ ಆ ಮಣ್ಣನ್ನೇ ಕೆರೆದು ತಿಪ್ಪೆಗೆ ಹಾಕಿ, ಹೊಸ ಮಣ್ಣು ಮೆತ್ತಿ, ಮೇಲೊಂದು ರಂಗೋಲಿ. ಕಲ್ಲು ಹಾಸಿದ ಮೇಲೆ ಮನುಷ್ಯನಿಗೆ ಕಲೆಯ ಚಿಂತೆ ಶುರುವಾಯಿತು ಅನ್ನಬಹುದು.

ಎಣ್ಣೆ ಜಿಡ್ಡು ತೆಗೆಯುವ ಹಳೇ ವಿದ್ಯೆ ಕಲ್ಲಿನವರದಲ್ಲ, ಬಟ್ಟೆ ಒಗೆಯುವವರದು. ರೋಮ್ ಸಾಮ್ರಾಜ್ಯದಲ್ಲಿ ಉಣ್ಣೆ ಬಟ್ಟೆಯ ಜಿಡ್ಡು ತೆಗೆಯಲು ಒಂದು ಜಾತಿಯ ಜೇಡಿಮಣ್ಣನ್ನೂ, ಹಳಸಿದ ಮೂತ್ರವನ್ನೂ ಬಳಸುತ್ತಿದ್ದರು. ಮೂತ್ರ ಹಳಸಿದರೆ ಅಮೋನಿಯಾ, ಅದು ಕ್ಷಾರ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆಯಲ್ಲಿ ಈ ಅಗಸರ ತೊಟ್ಟಿಗಳು ಇವತ್ತಿಗೂ ನೋಡಲು ಸಿಗುತ್ತವೆ. ಚಕ್ರವರ್ತಿ ವೆಸ್ಪಾಸಿಯನ್ ಈ ಮೂತ್ರದ ಮೇಲೂ ತೆರಿಗೆ ಹಾಕಿದ್ದ. ಜಿಎಸ್‌ಟಿಗೆ ಬೈಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮಲ್ಲಿ ಮುಲ್ತಾನಿ ಮಿಟ್ಟಿ ಇತ್ತು, ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುವುದು ಅದೇ. ಸವಳು ಮಣ್ಣು ಇತ್ತು. ಅಂಟುವಾಳ, ಸೀಗೆಕಾಯಿ ಇದ್ದವು. ಮಡಿವಾಳ ಮಾಚಿದೇವರ ನಾಡಿನವರು ನಾವು, ಬೆಳ್ಳಗೆ ಒಗೆಯುವುದು ನಮಗೆ ಯಾರೂ ಕಲಿಸಬೇಕಿರಲಿಲ್ಲ. ಸವಳು ಮಣ್ಣಿನಲ್ಲಿ ಇರುವುದು ಸೋಡ. ಸೋಡ ಶೇಂಗಾ ಎಣ್ಣೆಯ ಜೊತೆ ಸೇರಿದರೆ ಎಣ್ಣೆಯೇ ಸಾಬೂನಾಗಿಬಿಡುತ್ತದೆ, ನೀರು ಹಾಕಿದರೆ ಜಾರಿ ಹೋಗುತ್ತದೆ. ಎಷ್ಟು ಚಂದದ ಉಪಾಯ ನೋಡಿ, ಕಲೆಯನ್ನೇ ಸಾಬೂನು ಮಾಡುವುದು!

ಆದರೆ ಗಾಡಿ ಎಣ್ಣೆಗೆ ಇದು ನಡೆಯುವುದಿಲ್ಲ. ಅದು ಕಾಳಿನ ಎಣ್ಣೆಯಲ್ಲ, ನೆಲದಿಂದ ತೆಗೆದ ಎಣ್ಣೆ. ಸೋಡ ಹಾಕಿದರೆ ಅದು ಸಾಬೂನಾಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬಾತ ಎಣ್ಣೆ ಬಾವಿ ಕೊರೆದದ್ದು 1859ರಲ್ಲಿ. ಮನೆ ಮುಂದಿನ ಕಲ್ಲಿನ ಮೇಲೆ ಗಾಡಿ ಎಣ್ಣೆ ಬೀಳುವುದು ಅದಾದ ಎಷ್ಟೋ ವರ್ಷದ ನಂತರದ ಮಾತು. ಅಂದರೆ ಅಜ್ಜಿಯರ ಬತ್ತಳಿಕೆಯಲ್ಲಿ ಈ ಕಲೆಗೆ ಬಾಣ ಇರಲೇ ಇಲ್ಲ. ಅವರದು ತಪ್ಪಲ್ಲ, ಕಲೆಯೇ ಹೊಸದು.

ಈಗ ಆಸಿಡ್ಡಿನ ಕಥೆ. ನನಗೆ ಬಹಳ ತಲೆಕೆಡಿಸಿದ್ದು ಇದೇ.

18ನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಸೋಡದ ಬರ ಬಂತು. ಗಾಜು, ಸಾಬೂನು, ಬಟ್ಟೆ ಎಲ್ಲದಕ್ಕೂ ಸೋಡ ಬೇಕು, ಅದು ಬರುತ್ತಿದ್ದುದು ಸ್ಪೇನಿನ ಕಡಲತೀರದ ಗಿಡಗಳನ್ನು ಸುಟ್ಟ ಬೂದಿಯಿಂದ. ಉಪ್ಪಿನಿಂದ ಸೋಡ ಮಾಡಿಕೊಟ್ಟವರಿಗೆ ಬಹುಮಾನ ಅಂತ ಅಲ್ಲಿನ ವಿಜ್ಞಾನ ಅಕಾಡೆಮಿ ಸಾರಿತು. ಡ್ಯೂಕ್ ಆಫ್ ಓರ್ಲಿಯಾನ್ಸ್ ಎಂಬ ದೊರೆಯ ವೈದ್ಯನಾಗಿದ್ದ ನಿಕೊಲಾಸ್ ಲೆಬ್ಲಾಂಕ್ ಮಾಡಿ ತೋರಿಸಿದ, 1791ರಲ್ಲಿ ಪೇಟೆಂಟೂ ಸಿಕ್ಕಿತು. ದೊರೆಯ ದುಡ್ಡಿನಲ್ಲಿ ಕಾರ್ಖಾನೆ ಎದ್ದಿತು. ಅಷ್ಟರಲ್ಲಿ ಕ್ರಾಂತಿ. 1793ರಲ್ಲಿ ದೊರೆಯ ತಲೆ ಗಿಲೊಟಿನ್‌ಗೆ ಹೋಯಿತು, ಕಾರ್ಖಾನೆ ಸರಕಾರದ ಪಾಲಾಯಿತು, ಲೆಬ್ಲಾಂಕನ ಗುಟ್ಟು ಊರಿಗೆಲ್ಲ ಗೊತ್ತಾಯಿತು. ಬಹುಮಾನ ಮಾತ್ರ ಅವನ ಕೈಗೆ ಬರಲೇ ಇಲ್ಲ. ಕೊನೆಗೆ ನೆಪೋಲಿಯನ್ ಕಾಲದಲ್ಲಿ ಪಾಳುಬಿದ್ದ ಕಾರ್ಖಾನೆ ವಾಪಸ್ ಸಿಕ್ಕಿತು, ನಡೆಸಲು ದುಡ್ಡಿಲ್ಲ. 1806ರಲ್ಲಿ ತಾನೇ ಗುಂಡು ಹೊಡೆದುಕೊಂಡು ಸತ್ತ.

ಅವನ ವಿಧಾನ ಹೀಗೆ: ಉಪ್ಪಿಗೆ ಗಂಧಕಾಮ್ಲ ಹಾಕಿ ಕಾಯಿಸುವುದು, ಬಂದ ಗಟ್ಟಿಯನ್ನು ಇದ್ದಿಲು ಮತ್ತು ಸುಣ್ಣದ ಕಲ್ಲಿನ ಜೊತೆ ಸುಡುವುದು (ನೋಡಿ, ಅಲ್ಲೂ ನಮ್ಮ ಪರಸಿಯ ಬಳಗ), ಆ ಕರೀ ಬೂದಿಯನ್ನು ನೀರಿನಲ್ಲಿ ತೊಳೆದು ಸೋಡ ತೆಗೆಯುವುದು. ಮೊದಲ ಹಂತದಲ್ಲೇ ಒಂದು ಅನಿಲ ಹೊರಗೆ ಬರುತ್ತದೆ, ಹೈಡ್ರೋಜನ್ ಕ್ಲೋರೈಡ್. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಚಿಮಣಿಯಿಂದ ಗಾಳಿಗೆ ಬಿಟ್ಟರು. 1823ರಲ್ಲಿ ಜೇಮ್ಸ್ ಮಸ್ಪ್ರಾಟ್ ಲಿವರ್‌ಪೂಲಿನಲ್ಲಿ ಈ ಕೆಲಸ ಶುರುಮಾಡಿದ, ಆಮೇಲೆ ಸೇಂಟ್ ಹೆಲೆನ್ಸ್, ವಿಡ್ನೆಸ್ ಹೀಗೆ ಊರೂರಲ್ಲಿ ಹಬ್ಬಿತು. ಆ ಅನಿಲ ಮಂಜಿನ ಜೊತೆ ಸೇರಿದರೆ ಆಸಿಡ್ಡೇ. ಸುತ್ತಲ ಗಿಡಮರ ಒಣಗಿದವು, ಬೆಳೆ ಸುಟ್ಟಿತು, ಬಾಗಿಲ ಚಿಲಕ ತುಕ್ಕು ಹಿಡಿಯಿತು. ರೈತರು ಕೋರ್ಟಿಗೆ ಹೋದರು. ಮಾಲೀಕರು ಚಿಮಣಿ ಇನ್ನೂ ಎತ್ತರ ಕಟ್ಟಿಸಿದರು, ಹೊಗೆ ಇನ್ನೂ ದೂರದವರ ಹೊಲಕ್ಕೆ ಬಿತ್ತು. ನಮ್ಮ ಕಾಲದವರಿಗೆ ಈ ಬುದ್ಧಿವಂತಿಕೆ ಹೊಸದೇನಲ್ಲ ಬಿಡಿ.

1836ರಲ್ಲಿ ವಿಲಿಯಂ ಗಾಸೇಜ್ ಎಂಬ ಇನ್ನೊಬ್ಬ ಸೋಡ ತಯಾರಕ ಒಂದು ಉಪಾಯ ಮಾಡಿದ. ಪಾಳುಬಿದ್ದ ಗಾಳಿಗಿರಣಿಯೊಂದರ ತುಂಬ ಮುಳ್ಳುಕಂಟಿ, ಪುರಲೆ ತುಂಬಿಸಿ ಮೇಲಿನಿಂದ ನೀರು ತೊಟ್ಟಿಕ್ಕಿಸಿದ. ಹೊಗೆ ಅದರೊಳಗೆ ಹಾಯ್ದರೆ ಅನಿಲವೆಲ್ಲ ನೀರಿನಲ್ಲಿ ಕರಗಿ ಕೆಳಗೆ ಇಳಿಯಿತು. ಗಾಳಿ ಸ್ವಚ್ಛ! ಕೆಳಗೆ ಇಳಿದ ಆಸಿಡ್ ನೀರನ್ನು ಏನು ಮಾಡುವುದು? ಹಳ್ಳಕ್ಕೆ ಬಿಟ್ಟರು. 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆಲ್ಕಲಿ ಕಾಯ್ದೆ ತಂದು, ಆ ಅನಿಲದ ನೂರಕ್ಕೆ 95 ಭಾಗ ಹಿಡಿಯಲೇಬೇಕು ಅಂತ ಮಾಡಿತು. ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್, 'ಆಸಿಡ್ ಮಳೆ' ಎಂಬ ಮಾತನ್ನು 1872ರ ತನ್ನ ಪುಸ್ತಕದಲ್ಲಿ ಬಳಸಿದವನು ಅವನೇ. ಹಿಡಿದಿಟ್ಟ ಆಸಿಡ್ಡಿಗೆ ಗಿರಾಕಿ ಹುಡುಕಬೇಕಾಯಿತು. ಬಹಳಷ್ಟು ಬ್ಲೀಚಿಂಗ್ ಪುಡಿಗೆ ಹೋಯಿತು. ಹೀಗೆ ಒಂದು ಕಾಲಕ್ಕೆ ಯಾರಿಗೂ ಬೇಡದ ವಿಷವಾಗಿದ್ದದ್ದು ಅಗ್ಗದ ಸರಕಾಯಿತು.

ಬೆಲ್ಜಿಯಂನ ಸಾಲ್ವೆ 1860ರ ದಶಕದಲ್ಲಿ ಬೇರೆ ದಾರಿಯಲ್ಲಿ ಸೋಡ ಮಾಡಿದ ಮೇಲೆ ಲೆಬ್ಲಾಂಕನ ವಿಧಾನ ಮೆಲ್ಲಗೆ ಮೂಲೆ ಸೇರಿತು. ನಮ್ಮಲ್ಲಿ ಗುಜರಾತಿನ ಮೀಠಾಪುರದಲ್ಲಿ ಟಾಟಾ ಕೆಮಿಕಲ್ಸ್ ಆರಂಭವಾದದ್ದು 1939ರಲ್ಲಿ. ಆಸಿಡ್ ಮಾತ್ರ ಇವತ್ತೂ ಹೆಚ್ಚಾಗಿ ಬೇರೆ ರಾಸಾಯನಿಕ ಮಾಡುವಾಗ ಬರುವ ಉಪಉತ್ಪನ್ನವೇ. ಅದಕ್ಕೇ ಅಷ್ಟು ಅಗ್ಗ. ನನ್ನ ಕೈಯಲ್ಲಿದ್ದ ಬಾಟಲಿಯ ವಂಶಾವಳಿ ಇದು.

ಇನ್ನೊಂದು ಮಾತು, ದಯವಿಟ್ಟು ಓದಿ. ಆಸಿಡ್ ಹಾಕಿದ ಜಾಗಕ್ಕೆ 'ಇನ್ನೂ ಬೆಳ್ಳಗಾಗಲಿ' ಅಂತ ಬ್ಲೀಚಿಂಗ್ ಪುಡಿ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. 1915ರ ಏಪ್ರಿಲ್‌ನಲ್ಲಿ ಜರ್ಮನರು ಈಪ್ರ ಯುದ್ಧಭೂಮಿಯಲ್ಲಿ ಬಿಟ್ಟದ್ದು ಅದೇ ಅನಿಲ. ಮತ್ತೆ ಆಸಿಡ್ ಮಾರುವುದಕ್ಕೂ ನಿಯಮ ಇದೆ. ಹೆಣ್ಣುಮಕ್ಕಳ ಮುಖಕ್ಕೆ ಎರಚಿದ ಪ್ರಕರಣಗಳ ನಂತರ ಸುಪ್ರೀಂ ಕೋರ್ಟ್ 2013ರ ಜುಲೈಯಲ್ಲಿ, ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿವರ ರಿಜಿಸ್ಟರಿನಲ್ಲಿ ಬರೆದುಕೊಂಡೇ ಮಾರಬೇಕು ಅಂತ ಆದೇಶ ಮಾಡಿತು. ನಾನು ಹೋದ ಅಂಗಡಿಯಲ್ಲಿ ಹುಡುಗ ನನ್ನ ಹೆಸರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಯಾಕೆ ಬರೆದುಕೊಳ್ಳುವುದಿಲ್ಲ ಅಂತ. ಆ ಹೊತ್ತಿಗೆ ನನಗೆ ಬೇಕಾಗಿದ್ದು ಬಾಟಲಿ.

ಸರಿ, ಕಲ್ಲಿಗೆ ವಾಪಸ್ ಬರೋಣ. ಕಲ್ಲಿದ್ದಲ ಹೊಗೆಯಿಂದ ಯೂರೋಪಿನ ಊರುಗಳೆಲ್ಲ ಕಪ್ಪಾದವು. ಹೊಗೆಯ ಗಂಧಕ ಸುಣ್ಣದ ಕಲ್ಲಿನ ಮೇಲ್ಮೈಯನ್ನು ಜಿಪ್ಸಮ್ ಮಾಡುತ್ತದೆ, ಅದರೊಳಗೆ ಮಸಿ ಸಿಕ್ಕಿಕೊಂಡು ಕರೀ ಹಕ್ಕಳೆ ಕಟ್ಟುತ್ತದೆ. ಪ್ಯಾರಿಸ್ಸನ್ನು ತೊಳೆಸಿದ್ದು ಆಂದ್ರೆ ಮಾಲ್ರೋ, 1959ರಿಂದ ಹತ್ತು ವರ್ಷ ಅಲ್ಲಿನ ಸಂಸ್ಕೃತಿ ಮಂತ್ರಿಯಾಗಿದ್ದ ಕಾದಂಬರಿಕಾರ. ಜರ್ಮನಿಯ ಕೆರ್ಚರ್ 1950ರಲ್ಲಿ ಜೋರು ಒತ್ತಡದ ಬಿಸಿನೀರಿನ ಯಂತ್ರ ತಂದ. ಅದಕ್ಕೂ ಮೊದಲೇ, 1870ರಲ್ಲಿ ಟಿಲ್ಗ್‌ಮನ್ ಎಂಬ ಅಮೆರಿಕದವನು ಮರಳನ್ನು ಗಾಳಿಯ ರಭಸದಿಂದ ಎರಚುವ ವಿದ್ಯೆಗೆ ಪೇಟೆಂಟ್ ಪಡೆದಿದ್ದ. ಇದರಿಂದ ಎಷ್ಟು ಶಿಲ್ಪಗಳ ಮೂಗು ಸವೆದಿದೆಯೋ ದೇವರಿಗೇ ಗೊತ್ತು.

ಆದರೆ ನನ್ನ ಎಡವಟ್ಟಿಗೆ ಸರಿಸಾಟಿ ಅನ್ನಿಸಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನಡೆದದ್ದು. ಅಥೆನ್ಸಿನ ಪಾರ್ಥೆನಾನ್ ಗುಡಿಯ ಅಮೃತಶಿಲೆಯ ಶಿಲ್ಪಗಳನ್ನು ಎಲ್ಗಿನ್ ಎಂಬ ಲಾರ್ಡ್ ಕೀಳಿಸಿ ತಂದಿದ್ದ, 1816ರಲ್ಲಿ ಬ್ರಿಟಿಷ್ ಸರಕಾರ ಕೊಂಡುಕೊಂಡಿತ್ತು. 1930ರ ದಶಕದಲ್ಲಿ ಡುವೀನ್ ಎಂಬ ಶ್ರೀಮಂತ ಕಲಾವ್ಯಾಪಾರಿ ಅವುಗಳಿಗೆ ಹೊಸ ಗ್ಯಾಲರಿ ಕಟ್ಟಿಸಿಕೊಡಲು ಮುಂದೆ ಬಂದ. ದುಡ್ಡು ಕೊಟ್ಟವನಿಗೆ ಶಿಲ್ಪಗಳು ಹಾಲಿನಂತೆ ಬೆಳ್ಳಗೆ ಕಾಣಬೇಕಿತ್ತು. 1937-38ರಲ್ಲಿ ಕೆಲಸಗಾರರು ತಾಮ್ರದ ಉಳಿ, ಕಾರ್ಬೊರಂಡಮ್ ಕಲ್ಲು ಹಿಡಿದು ಕೆಲವು ಶಿಲ್ಪಗಳನ್ನು ಕೆರೆದರು, ಉಜ್ಜಿದರು. 1938ರ ಸೆಪ್ಟೆಂಬರಿನಲ್ಲಿ ಮ್ಯೂಸಿಯಂನವರ ಕಣ್ಣಿಗೆ ಬಿದ್ದು ಕೆಲಸ ನಿಂತಿತು. ಒಳಗೇ ವಿಚಾರಣೆ ನಡೆಯಿತು, ಹೊರಗೆ ಹೆಚ್ಚೇನೂ ಹೇಳಲಿಲ್ಲ. ವಿಲಿಯಂ ಸೇಂಟ್ ಕ್ಲೇರ್ ಎಂಬ ಇತಿಹಾಸಕಾರ 1998ರಲ್ಲಿ ಕಡತಗಳನ್ನು ಬಿಡಿಸಿ ಬರೆದ ಮೇಲೆ ದೊಡ್ಡ ಗದ್ದಲವಾಗಿ, 1999ರಲ್ಲಿ ಮ್ಯೂಸಿಯಂ ಒಂದು ಸಮ್ಮೇಳನವನ್ನೇ ಕರೆಯಬೇಕಾಯಿತು. ತಮಾಷೆ ಏನೆಂದರೆ ಆ ಶಿಲ್ಪಗಳು ಹುಟ್ಟಿದಾಗ ಬೆಳ್ಳಗೆ ಇರಲೇ ಇಲ್ಲ, ಬಣ್ಣ ಬಳಿದಿದ್ದರು! ಅವರು ಹೊಲಸು ಅಂತ ಕೆರೆದದ್ದರಲ್ಲಿ ಬಹಳಷ್ಟು ಎರಡು ಸಾವಿರ ವರ್ಷದಲ್ಲಿ ಕಲ್ಲಿಗೇ ಬಂದಿದ್ದ ಜೇನುಬಣ್ಣದ ಚರ್ಮ.

"ಕಲ್ಲ ಹೋಗ್ಯದಲ್ಲೋ" ಅಂತ ಹೇಳಲು ಅಲ್ಲಿ ನಮ್ಮ ಅವ್ವ ಇರಬೇಕಿತ್ತು.

ನಮ್ಮ ತಾಜ್‌ಮಹಲಿನ ವಿಷಯದಲ್ಲಿ ಪುರಾತತ್ವ ಇಲಾಖೆಯವರು ಜಾಣರು. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೋನೇಟೇ, ನಮ್ಮ ಪರಸಿಯ ಶ್ರೀಮಂತ ಅಣ್ಣ. ಅದು ಹಳದಿಯಾದಾಗ ಅವರು ಆಸಿಡ್ ಮುಟ್ಟಲಿಲ್ಲ, ಮುಲ್ತಾನಿ ಮಿಟ್ಟಿಯ ಲೇಪ ಹಚ್ಚಿದರು. 1994, 2001, 2008 ಮತ್ತು 2014ರಲ್ಲಿ ಈ ಕೆಲಸ ನಡೆದಿದೆ. ಮಣ್ಣು ಒಣಗುತ್ತ ಹೋದಂತೆ ಹೊಲಸನ್ನು ಹೀರಿಕೊಳ್ಳುತ್ತದೆ, ಆಮೇಲೆ ಶುದ್ಧ ನೀರಿನಲ್ಲಿ ತೊಳೆಯುವುದು. ರೋಮಿನ ಅಗಸರ ಜೇಡಿಮಣ್ಣಿನ ಮಗಳೇ ಇದು. ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಹೋಗಬೇಕು, ಇಲ್ಲವೇ ಜಾಗ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲೇ ಹೇಳಿದೆ. ಆದರೂ ಧೂಳು, ಕಸ ಕಡ್ಡಿ ಸೆಗಣಿ ಸುಟ್ಟ ಹೊಗೆಯ ಇಂಗಾಲದ ಕಣಗಳು ಕೂತು ಕಂದು ಬಣ್ಣ ಬರುತ್ತಿದೆ ಅಂತ 2014ರ ಕೊನೆಗೆ ಬಂದ ಒಂದು ಅಧ್ಯಯನ ತೋರಿಸಿತು, ಅದರಲ್ಲಿ ನಮ್ಮ ಐಐಟಿ ಕಾನ್ಪುರದವರೂ ಇದ್ದರು. ಲೇಪ ಹಚ್ಚುತ್ತಲೇ ಇರಬೇಕು ಅಂತಾಯಿತು.

ಇಷ್ಟೆಲ್ಲ ಓದಿದ ಮೇಲೆ ನಾನೂ ಲೇಪಕ್ಕೆ ಕೂತೆ. ಒಂದು ಕಿಲೋ ಮುಲ್ತಾನಿ ಮಿಟ್ಟಿ, ಅದಕ್ಕೆ ಬಣ್ಣ ತೆಳು ಮಾಡುವ ಟರ್ಪೆಂಟೈನ್. ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ. ಖನಿಜ ಎಣ್ಣೆಯನ್ನು ಕರಗಿಸುವುದು ಟರ್ಪೆಂಟೈನ್, ಹೀರಿಕೊಳ್ಳುವುದು ಮಣ್ಣು. ಅರ್ಧ ಇಂಚು ದಪ್ಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದು ದಿನ ಬಿಟ್ಟು, ಆಮೇಲೆ ಹಾಳೆ ತೆಗೆದು ಒಣಗಲು ಬಿಟ್ಟು ಕೆರೆದೆ. (ಬಯಲಿನಲ್ಲಿ ಮಾತ್ರ ಮಾಡಿ, ಹತ್ತಿರ ಬೀಡಿ ಬೆಂಕಿ ಬೇಡ.) ಮೊದಲ ಸಲ ಕೆರೆದ ಮಣ್ಣು ಕಂದು ಬಣ್ಣಕ್ಕೆ ತಿರುಗಿತ್ತು. ಆ ಮಣ್ಣಿನ ವಾಸನೆ ನೋಡಿದೆ. ಹೇಗೆ ಹೇಳಲಿ, ಬೆಳಿಗ್ಗೆ ಎಂಟೂವರೆಗೆ ಅಪ್ಪ ಗಾಡಿಯನ್ನು ಒಂದು ಕಡೆ ವಾಲಿಸಿ ಕಿಕ್ ಹೊಡೆಯುತ್ತಿದ್ದಾಗ ಬರುತ್ತಿತ್ತಲ್ಲ, ಅದೇ.

ಐದು ಸಲ ಹಚ್ಚಿದೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮಾಸಿತು. ಐದನೇ ಸಲದ ಹೊತ್ತಿಗೆ ನೆರಳಿನ ಹಾಗೆ ಒಂದು ಗುರುತು ಉಳಿದಿತ್ತು, ಮಳೆ ಬಂದಾಗ ಮಾತ್ರ ಚೆನ್ನಾಗಿ ಕಾಣುವಂಥದ್ದು. ಆರನೇ ಸಲಕ್ಕೆ ಮಣ್ಣು ಕಲಸುತ್ತಿದ್ದಾಗ ಅವ್ವ ಬಂದು, "ಸಾಕು ಬಿಡಪಾ, ಅಷ್ಟರೆ ಇರಲಿ" ಅಂದಳು. ಕಲಸಿದ್ದನ್ನು ಹಾಗೇ ಬಿಟ್ಟೆ.

ಆಸಿಡ್ ತಿಂದ ಬಿಳೀ ಜಾಗಕ್ಕೆ ಮಾತ್ರ ಯಾವ ಲೇಪವೂ ಇಲ್ಲ. ಗೌಂಡಿಯನ್ನು ಕರೆಸಿ ತೋರಿಸಿದೆ. ಮಷಿನ್ ಹಚ್ಚಿ ಪಾಲಿಶ್ ಮಾಡಬಹುದು, ಅಕ್ಕಪಕ್ಕದ ಕಲ್ಲಿಗಿಂತ ಒಂದು ಕೂದಲಷ್ಟು ತಗ್ಗಾಗುತ್ತದೆ, ಇಲ್ಲವೆಂದರೆ ಎರಡು ಪರಸಿ ಕಿತ್ತು ಹೊಸದು ಹಾಕುತ್ತೇನೆ ಅಂದ. ಹೊಸ ಕಲ್ಲು ಹಳೇದರ ಬಣ್ಣಕ್ಕೆ ಹೊಂದುವುದಿಲ್ಲ ಅಂತಲೂ ಅವನೇ ಹೇಳಿದ. ಅವ್ವ ಎರಡಕ್ಕೂ ಒಪ್ಪಲಿಲ್ಲ. ಮದುವೆ ದಿನ ಅಕ್ಕ ಆ ಜಾಗದ ಮೇಲೆ ದೊಡ್ಡದೊಂದು ರಂಗೋಲಿ ಹಾಕಿದಳು. ಒರಟು ಕಲ್ಲಿನ ಮೇಲೆ ರಂಗೋಲಿ ಪುಡಿ ಚೆನ್ನಾಗಿ ಕೂಡುತ್ತದೆ ಅಂತ ಅವಳೇ ಹೇಳಿದಳು, ನನ್ನ ಸಮಾಧಾನಕ್ಕೋ ಏನೋ.

ಉಳಿದ ಅರ್ಧ ಬಾಟಲಿ ಆಸಿಡ್ ಅಂಗಡಿಗೆ ವಾಪಸ್ ಒಯ್ದೆ. ಹುಡುಗ ತೆಗೆದುಕೊಳ್ಳಲಿಲ್ಲ. ಒಂದು ಹಳೇ ಬಕೆಟ್ಟಿನ ತುಂಬ ನೀರು ಹಾಕಿ, ಅದರೊಳಗೆ ಆಸಿಡ್ಡನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಗೌಂಡಿ ಬಿಟ್ಟುಹೋಗಿದ್ದ ಪರಸಿಯ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಕೂತೆ, ನೊರೆ ನಿಲ್ಲುವವರೆಗೆ. ಒಂದು ಮಧ್ಯಾಹ್ನವೆಲ್ಲ ಹಿಡಿಯಿತು.